ಹಗಲು ಬದುಕಿ ರಾತ್ರಿ ಸಾಯೋ ಕ್ಯಾಮೆರಾ: ‘ಪಿಒಇ ಕಿಟ್’ ಅಂತ ಕೊಟ್ಟಿದ್ದರ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಕ್ಯಾಮೆರಾ ಕೂರಿಸಿದ ಹುಡುಗನ ಅಮ್ಮ, ನಮ್ಮಮ್ಮ ಇಬ್ರೂ ಒಂದೇ ಸ್ವಸಹಾಯ ಸಂಘ, ನಾನು ಬೆಂಗಳೂರಲ್ಲಿ ಕೂತ್ಕೊಂಡು ಹೆಸರು ಹಾಕಿ ಒಂದು ಸ್ಟಾರ್ ಕೊಟ್ರೆ ವಾರದ ಮೀಟಿಂಗಲ್ಲಿ ಅಮ್ಮ ತಲೆ ತಗ್ಗಿಸ್ಕೊಂಡು ಕೂರ್ಬೇಕಾಗತ್ತೆ. ಅದೂ ಅಲ್ದೆ ಹುಡುಗ ಕೆಟ್ಟವ್ನಲ್ಲ, ಕರೆದ್ರೆ ಬರ್ತಾನೆ, ಏಣಿ ಹತ್ತೋಕೆ ಹೆದರಲ್ಲ, ಕೊಟ್ಟ ಕಾಫಿ ಕುಡೀತಾನೆ. ಆದ್ರೆ ಅವ್ನು ‘ಪಿಒಇ ಕಿಟ್’ (ನೆಟ್‌ವರ್ಕ್ ವೈರಲ್ಲೇ ಕ್ಯಾಮೆರಾಗೆ ಕರೆಂಟೂ ಕಳ್ಸೋ ಸೆಟ್ಟು) ಅಂತ ಬಿಲ್ಲಲ್ಲಿ ಬರೆದು ಕೊಟ್ಟಿದ್ದು ಏನು, ಅದು ಯಾಕೆ ಎರಡೂವರೆ ತಿಂಗಳು ನನ್ನ ತಲೆ ತಿಂತು, ಕೊನೆಗೆ ಏನು ಬದಲಾಯಿಸಿದ್ಮೇಲೆ ಸರಿಹೋಯ್ತು ಅಂತ ಬರೀಲೇಬೇಕು, ಯಾಕಂದ್ರೆ ನಮ್ಮ ಕಡೆ ಈಗ ಎಲ್ಲರ ಮನೇಲೂ ಕ್ಯಾಮೆರಾ ಹಾಕಿಸ್ತಾ ಇದಾರೆ.

ನಮ್ಮ ಮನೆ ತೀರ್ಥಹಳ್ಳಿ ತಾಲೂಕು, ಆಗುಂಬೆ ಬದಿ. ಅಡಿಕೆ ರೇಟು ಏರಿದಾಗಿಂದ ಅಂಗಳದಲ್ಲಿ ಒಣಗಾಕಿದ ಅಡಿಕೆಗೆ ರಾತ್ರಿ ಕಾವಲು ಬೇಕು ಅನ್ನೋ ಹಾಗಾಗಿದೆ, ಅಪ್ಪಂಗೆ ವಯಸ್ಸಾಯ್ತು, ಜಗುಲೀಲಿ ಮಲಗಿ ಕಾಯೋ ಕಾಲ ಹೋಯ್ತು. ಅದಕ್ಕೆ ಮೂರು ಐಪಿ ಕ್ಯಾಮೆರಾ, ಅಂದ್ರೆ ನೆಟ್‌ವರ್ಕ್ ವೈರಲ್ಲಿ ಚಿತ್ರ ಕಳ್ಸೋವು: ಒಂದು ಜಗುಲಿಗೆ, ರೆಕಾರ್ಡರಿಂದ ಹತ್ತು ಹನ್ನೆರಡು ಮೀಟರು, ಒಂದು ಅಂಗಳದ ಮೂಲೆಗೆ, ಸುಮಾರು 25 ಮೀಟರು, ಇನ್ನೊಂದು ದಣಪೆ ಹತ್ರ, ಗೇಟಿನ ಕಂಬಕ್ಕೆ, ವೈರ್ ಓಡಿದ ಲೆಕ್ಕದಲ್ಲಿ 45 ಮೀಟರು. ಮೂರೂ 4 ಮೆಗಾಪಿಕ್ಸೆಲ್, ರಾತ್ರಿ ನೋಡೋಕೆ ಐಆರ್, ಅಂದ್ರೆ ಇನ್‌ಫ್ರಾರೆಡ್ ದೀಪ ಇರೋದು. ಎನ್‌ವಿಆರ್ ಅನ್ನೋ ರೆಕಾರ್ಡರು, ಹಾರ್ಡ್‌ಡಿಸ್ಕು, ವೈರು, ಕೂಲಿ ಎಲ್ಲಾ ಸೇರಿ 31 ಸಾವಿರ ಚಿಲ್ಲರೆ ಆಯ್ತು. ದುಡ್ಡಿನ ಬಗ್ಗೆ ತಕರಾರಿಲ್ಲ. ಕ್ಯಾಮೆರಾಗಳ ಬಗ್ಗೆನೂ ತಕರಾರಿಲ್ಲ, ಚಿತ್ರ ಚೆನ್ನಾಗಿದೆ, ಹಗಲು ಹೊತ್ತು ಅಂಗಳದಲ್ಲಿ ಅಡಿಕೆ ಹಣ್ಣೋ ಗೋಟೋ ಅಂತ ಫೋನಲ್ಲೇ ಗೊತ್ತಾಗತ್ತೆ.

ಮೊದಲ ಹದಿನೈದು ದಿನ ಎಲ್ಲಾ ಸರಿ ಇತ್ತು ಅನ್ಕೊಂಡಿದ್ವಿ. ನಾನು ಆಫೀಸಲ್ಲಿ ಹಗಲು ಹೊತ್ತು ಮಾತ್ರ ತೆಗೆದು ನೋಡ್ತಿದ್ದೆ, ಅಲ್ಲೇ ಎಡವಟ್ಟಾಗಿದ್ದು. ಒಂದಿನ ಅಮ್ಮ ಫೋನ್ ಮಾಡಿ, ದಣಪೆ ಕ್ಯಾಮೆರಾ ದೇವರಿಗೆ ದೀಪ ಹಚ್ಚೋ ಹೊತ್ತಿಗೆ ಕಣ್ಣು ಮುಚ್ಚತ್ತೆ, ಬೆಳಗಾದ್ರೆ ತಾನೇ ತೆಗೆಯತ್ತೆ, ಅದಕ್ಕೂ ನಿದ್ದೆ ಬರತ್ತಾ ಅಂತ ಕೇಳಿದ್ರು. ನಗು ಬಂತು. ಆದ್ರೆ ಆವತ್ತು ರಾತ್ರಿ ಆ್ಯಪ್ ತೆಗೆದು ನೋಡಿದ್ರೆ ನಿಜ, ಆರೂ ಮುಕ್ಕಾಲರಿಂದ ಶುರು, ಚಿತ್ರ ಕಪ್ಪು ಬಿಳುಪಿಗೆ ತಿರುಗತ್ತೆ, ಹೋಗತ್ತೆ, ಒಂದೂವರೆ ನಿಮಿಷ ಬಿಟ್ಟು ಬರತ್ತೆ, ಮತ್ತೆ ಕಪ್ಪು ಬಿಳುಪು, ಮತ್ತೆ ಹೋಗತ್ತೆ, ಹಿಂಗೇ ಬೆಳಗಿನ ಆರೂಕಾಲು ತನಕ. ಕಾವಲಿಗೆ ಅಂತ ಇಟ್ಟಿದ್ದು ಕಳ್ಳರು ಬರೋ ಹೊತ್ತಲ್ಲೇ ಇಲ್ಲ.

ಅಂಗಡಿಗೆ ಹೇಳಿದ್ವಿ. ಹುಡುಗ ಬಂದ, ಹಗಲು ಹನ್ನೊಂದಕ್ಕೆ ಬಂದ, ನೋಡಿದ್ರೆ ಎಲ್ಲಾ ಸರಿಯಾಗಿದೆ, ಹೋದ. ಎರಡನೇ ಸಲ ಬಂದಾಗ ರೀಸೆಟ್ ಮಾಡಿದ. ಮೂರನೇ ಸಲ, ಕ್ಯಾಮೆರಾನೇ ಹೋಗಿದೆ ಅಣ್ಣ, ರಾತ್ರಿ ಹೊತ್ತು ಬೋರ್ಡ್ ಬಿಸಿಯಾಗತ್ತೆ ಅಂದ. ರಾತ್ರಿ ತಂಪಿಗೆ ಬೋರ್ಡ್ ಯಾಕೆ ಬಿಸಿಯಾಗತ್ತೆ ಅಂತ ನಾನೂ ಕೇಳ್ಲಿಲ್ಲ ನೋಡಿ. ಹೊಸ ಕ್ಯಾಮೆರಾ ಹಾಕಿಸಿದ್ವಿ, 3400 ರೂಪಾಯಿ, ವಾರಂಟಿ ಅಂದ್ರೆ ಕಂಪನಿಗೆ ಕಳ್ಸಿ ಬರೋಕೆ ಒಂದು ತಿಂಗಳು ಅಂತ ಹೇಳಿದ್ರಿಂದ ದುಡ್ಡು ಕೊಟ್ಟೇ ತಗೊಂಡ್ವಿ. ಹಳೇದು ಡಬ್ಬಿ ಸಮೇತ ಅಟ್ಟಕ್ಕೆ ಹೋಯ್ತು. ಹೊಸ ಕ್ಯಾಮೆರಾ ಅವತ್ತು ಸಂಜೆನೇ ಅದೇ ಹೊತ್ತಿಗೆ ಅದೇ ಥರ ಕಣ್ಣು ಮುಚ್ತು.

ಅಲ್ಲಿಗೆ ನನಗೆ ಛಲ ಬಂತು. ನಾನೇನು ನೆಟ್‌ವರ್ಕ್ ಇಂಜಿನಿಯರ್ ಅಲ್ಲ, ಅಕೌಂಟ್ಸ್ ಮಾಡೋನು, ಆದ್ರೆ ಲೆಕ್ಕ ಕೂಡ್ಲಿಲ್ಲ ಅಂದ್ರೆ ನಿದ್ದೆ ಬರಲ್ಲ. ಬೆಂಗಳೂರಿಂದ್ಲೇ ಮಾಡೋಕಾಗೋದು ಒಂದಿತ್ತು: ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಐಆರ್ ದೀಪ ಪೂರ್ತಿ ಆಫ್ ಮಾಡಿದೆ. ಅವತ್ತು ರಾತ್ರಿ ಪೂರ್ತಿ ಕ್ಯಾಮೆರಾ ಒಂದ್ಸಲನೂ ಹೋಗ್ಲಿಲ್ಲ, ಏನೂ ಕಾಣ್ಲಿಲ್ಲ ಅನ್ನೋದು ಬೇರೆ ಮಾತು, ಬರೀ ಕತ್ಲೆ ರೆಕಾರ್ಡ್ ಆಯ್ತು. ಅಂದ್ರೆ ರೋಗ ಕ್ಯಾಮೆರಾದಲ್ಲಿಲ್ಲ, ಊಟದಲ್ಲಿದೆ. ಹಗಲು ಈ ಥರ ಕ್ಯಾಮೆರಾ 3 ವ್ಯಾಟ್ ಆಸುಪಾಸು ತಿನ್ನತ್ತೆ, ಕತ್ಲಾಗಿ ಐಆರ್ ಹತ್ಕೊಂಡ್ರೆ 6, 6.5 ವ್ಯಾಟ್, ಡಬಲ್. ಸಂಜೆ ಊಟ ಜಾಸ್ತಿ ಬೇಕು, ಅಷ್ಟು ಅಲ್ಲಿಗೆ ಹೋಗಿ ಮುಟ್ತಾ ಇಲ್ಲ. ತಾತ್ಕಾಲಿಕಕ್ಕೆ ಅಪ್ಪಂಗೆ ಹೇಳಿ ಗೇಟಿನ ಕಂಬಕ್ಕೆ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿಸ್ದೆ, ಐಆರ್ ಆಫಲ್ಲೇ ಇಟ್ಟೆ, ಬಲ್ಬಿನ ಬೆಳಕಲ್ಲಿ ಕೆಲ್ಸ ನಡೀತಿತ್ತು. ನಿಮಗೂ ಹಿಂಗಾಗಿದ್ರೆ ರಿಪೇರಿ ಆಗೋ ತನಕ ಇದೊಂದು ದಾರಿ, ಹುಳ ಮುತ್ಕೊಳತ್ತೆ, ಜೇಡ ಬಲೆ ಕಟ್ಟತ್ತೆ, ವಾರಕ್ಕೊಂದ್ಸಲ ಪೊರಕೆ ಹಿಡೀಬೇಕು ಅಷ್ಟೇ.

ಆಮೇಲೆ ನಾನು ಮಾಡಿದ ತಪ್ಪು ಏನಂದ್ರೆ ಬಿಲ್ ನಂಬಿದ್ದು. ಬಿಲ್ಲಲ್ಲಿ ‘ಪಿಒಇ’ ಅಂತ ಇದೆ, ಸರಿ, ಪಿಒಇ ಅಂದ್ರೇನು ಅಂತ ಓದ್ಕೊಂಡೆ. ಡೇಟಾ ಹೋಗೋ ನೆಟ್‌ವರ್ಕ್ ವೈರಲ್ಲೇ ಕರೆಂಟೂ ಕಳ್ಸೋದು, ಅದಕ್ಕೆ 2003ರಲ್ಲೇ 802.3ಎಎಫ್ ಅಂತ ಸ್ಟ್ಯಾಂಡರ್ಡ್ ಬಂದಿದೆ, ಸ್ವಿಚ್ಚಿನ (ಗೋಡೆ ಸ್ವಿಚ್ಚಲ್ಲ, ಎಲ್ಲಾ ಕ್ಯಾಮೆರಾ ವೈರು ಬಂದು ಸೇರೋ ಡಬ್ಬಿ) ಒಂದೊಂದು ಪೋರ್ಟಿಂದ 15.4 ವ್ಯಾಟ್ ತನಕ ಹೊರಡತ್ತೆ, ವೈರಲ್ಲಿ ಸೋರಿ ಹೋದ್ರೂ ಆ ತುದೀಲಿ 12.95 ವ್ಯಾಟ್ ಸಿಗ್ಲೇಬೇಕು, ಅದೂ 100 ಮೀಟರಿಗೆ. 2009ರಲ್ಲಿ ಬಂದ 802.3ಎಟಿ ಅನ್ನೋದಾದ್ರೆ ಪೋರ್ಟಿಗೆ 30 ವ್ಯಾಟ್. ಹಂಗಿದ್ರೆ ನಮ್ಮ 6.5 ವ್ಯಾಟಿನ ಬಡಪಾಯಿ ಕ್ಯಾಮೆರಾ 45 ಮೀಟರಿಗೆ ಯಾಕೆ ಸಾಯ್ಬೇಕು? ಸ್ವಿಚ್ಚಿನ ಒಟ್ಟು ತಾಕತ್ತು ಸಾಲ್ತಿಲ್ವೇನೋ ಅನ್ಕೊಂಡೆ, ಯಾಕಂದ್ರೆ ಅಗ್ಗದ ಸ್ವಿಚ್ಚುಗಳಲ್ಲಿ ನಾಲ್ಕು ಪೋರ್ಟ್ ಇರತ್ತೆ ಆದ್ರೆ ಅಡಾಪ್ಟರ್ ಮೇಲೆ 48 ವೋಲ್ಟ್ 0.5 ಆ್ಯಂಪ್ ಅಂತ ಇರತ್ತೆ, ಗುಣಿಸಿದ್ರೆ 24 ವ್ಯಾಟ್, ನಾಲ್ಕು ಪೋರ್ಟಿಗೂ ಸೇರಿ ಅಷ್ಟೇ. ಅಪ್ಪಂಗೆ ಫೋನ್ ಮಾಡಿ ಒಂದು ರಾತ್ರಿ ಬೇರೆ ಎರಡೂ ಕ್ಯಾಮೆರಾ ವೈರ್ ಕೀಳಿಸಿ ಐಆರ್ ಆನ್ ಮಾಡಿ ನೋಡ್ದೆ. ದಣಪೆ ಕ್ಯಾಮೆರಾ ಒಂದೇ ಇದ್ರೂ ಸಾಯ್ತು. ಹಂಗಾದ್ರೆ ಒಟ್ಟು ತಾಕತ್ತಿನ ಪ್ರಶ್ನೆ ಅಲ್ಲ, ಆ ಒಂದು ದಾರೀದೇ ಪ್ರಶ್ನೆ.

ದೀಪಾವಳಿಗೆ ಊರಿಗೆ ಹೋದೆ. ಅಮ್ಮ ಹೋಳಿಗೆ ತಟ್ತಾ ಇದ್ರೆ ನಾನು ಎನ್‌ವಿಆರ್ ಇಟ್ಟ ಗೂಡು ತೆಗೆದು ನೋಡ್ತಾ ಇದ್ದೆ. ಅಲ್ಲಿ ಪಿಒಇ ಸ್ವಿಚ್ಚೇ ಇಲ್ಲ! ಮಾಮೂಲಿ ಐದು ಪೋರ್ಟಿನ ಪ್ಲಾಸ್ಟಿಕ್ ಸ್ವಿಚ್ಚು, ಪಕ್ಕದಲ್ಲಿ ಹಳೇ ಕಾಲದ ಡಿವಿಆರ್ ಕ್ಯಾಮೆರಾಗಳಿಗೆ ಹಾಕೋ 12 ವೋಲ್ಟ್ 5 ಆ್ಯಂಪಿನ ಎಸ್ಎಂಪಿಎಸ್ ಡಬ್ಬಿ (ಮನೆ ಕರೆಂಟನ್ನ 12 ವೋಲ್ಟಿಗೆ ಇಳಿಸೋದು), ಅದ್ರಿಂದ ಮೂರು ಕಪ್ಪು ವೈ ಆಕಾರದ ತುಂಡು ವೈರು, ಅವು ನೆಟ್‌ವರ್ಕ್ ವೈರಿನ ಎಂಟು ಎಳೇಲಿ ಡೇಟಾಗೆ ಬಳಸದ ನಾಲ್ಕು ಖಾಲಿ ಎಳೆಗಳಿಗೆ 12 ವೋಲ್ಟ್ ತುಂಬ್ತಾ ಇದಾವೆ. ಏಣಿ ಹಾಕಿ ದಣಪೆ ಕಂಬ ಹತ್ತಿದ್ರೆ ಅಲ್ಲೂ ಅಂಥದೇ ವೈ, ಅದು ಡೇಟಾನ ಒಂದು ಕಡೆ, 12 ವೋಲ್ಟನ್ನ ಇನ್ನೊಂದು ಕಡೆ ಬೇರೆ ಮಾಡಿ ಕ್ಯಾಮೆರಾದ ಗುಂಡು ಪಿನ್ನಿಗೆ ಕೊಡ್ತಾ ಇದೆ. ಜೋಡಿಗೆ ನೂರೈವತ್ತು ಇನ್ನೂರು ರೂಪಾಯಿಗೆ ಸಿಗೋ ಇದಕ್ಕೆ ಪ್ಯಾಸಿವ್ ಪಿಒಇ ಅಂತಾರೆ. ತಮಾಷೆ ಏನಂದ್ರೆ ಕ್ಯಾಮೆರಾ ಡಬ್ಬಿ ಮೇಲೆ ನೀಟಾಗಿ 802.3ಎಎಫ್ ಅಂತ ಬರ್ದಿದೆ, ಕ್ಯಾಮೆರಾಗೆ ನಿಜವಾದ ಪಿಒಇ ಬರತ್ತೆ, ಕೊಡೋರಿಲ್ಲ. ಹುಡುಗ ಮೋಸ ಮಾಡ್ದ ಅಂತ ನಾನು ಹೇಳಲ್ಲ, ಅವ್ನು ಹತ್ತು ವರ್ಷದಿಂದ ಡಿವಿಆರ್ ಕ್ಯಾಮೆರಾ ಹಾಕ್ಕೊಂಡು ಬಂದವ್ನು, 12 ವೋಲ್ಟ್ ಡಬ್ಬಿ ಅವ್ನ ಅಭ್ಯಾಸ, ಒಂದೇ ವೈರಲ್ಲಿ ಕರೆಂಟೂ ಹೋದ್ರೆ ಅದು ಪಿಒಇ ಅಂತ ಅವ್ನ ನಂಬಿಕೆ. ಆದ್ರೆ ದುಡ್ಡು ಪಿಒಇ ಸ್ವಿಚ್ಚಿಂದು ತಗೊಂಡಿದಾರೆ, ಅದು ತಪ್ಪು ತಪ್ಪೇ.

ಮಧ್ಯಾಹ್ನನೇ ಪರೀಕ್ಷೆ ಮಾಡೋ ಉಪಾಯ ಒಂದಿದೆ, ಕತ್ಲಾಗೋ ತನಕ ಕಾಯೋದು ಬೇಡ. ಕ್ಯಾಮೆರಾ ಮುಖವನ್ನ ಅಂಗೈಯಿಂದ ಪೂರ್ತಿ ಮುಚ್ಚಿ, ಲೆನ್ಸ್ ಸುತ್ತ ಬೆಳಕು ಗ್ರಹಿಸೋ ಸೆನ್ಸರ್ ಇರತ್ತೆ, ಅದಕ್ಕೆ ರಾತ್ರಿ ಆಯ್ತು ಅನ್ಸತ್ತೆ, ಒಳಗಡೆ ಫಿಲ್ಟರ್ ಸರಿಯೋ ಟಕ್ ಅನ್ನೋ ಶಬ್ದ ಕೇಳತ್ತೆ, ಬೆರಳ ಸಂದೀಲಿ ಕೆಂಪು ಕೆಂಪು ದೀಪ ಕಾಣತ್ತೆ. ನಾನು ಮುಚ್ಚಿ ಹಿಡಿದೆ, ಟಕ್ ಅಂತು, ಎರಡು ಸೆಕೆಂಡಿಗೆ ಕ್ಯಾಮೆರಾ ಸತ್ತು ಮತ್ತೆ ಟಕ್ ಅಂತ ಎದ್ದು ಕೂತ್ಕೊಳ್ತು. ಕೆಳಗಡೆ ಏಣಿ ಹಿಡ್ಕೊಂಡಿದ್ದ ಅಪ್ಪ ಕೇಳಿದ್ರು, ಹಂಗಾದ್ರೆ ಇಷ್ಟು ದಿನ ರಾತ್ರಿ ಹೊತ್ತು ಆ ಹುಡುಗನ್ನ ಕರೀಬೇಕಿತ್ತು ಅಂತ ಬೈತಿದ್ಯಲ್ಲ, ಅಂಗೈ ಸಾಕಿತ್ತಾ? ಸಾಕಿತ್ತು.

ಮಲ್ಟಿಮೀಟರ್ ಹಚ್ಚಿ ನೋಡ್ದೆ. ಮನೆ ತುದೀಲಿ 12.1 ವೋಲ್ಟು. ಕಂಬದ ತುದೀಲಿ ಕ್ಯಾಮೆರಾ ನಡೀತಿರುವಾಗ ಹತ್ತೂಕಾಲು. ಕೈ ಮುಚ್ಚಿದ್ ತಕ್ಷಣ ಎಂಟು, ಏಳು, ಆಮೇಲೆ ಮೀಟರಿಗೇ ಗೊತ್ತಾಗ್ಲಿಲ್ಲ, ಕುಣೀತಿತ್ತು. ಕ್ಯಾಮೆರಾ ಮೇಲೆ 12 ವೋಲ್ಟ್, ಹೆಚ್ಚುಕಡಿಮೆ ಶೇಕಡಾ 25 ಅಂತ ಬರ್ದಿದೆ, ಅಂದ್ರೆ 9ಕ್ಕಿಂತ ಕೆಳಗೆ ಇಳಿದ್ರೆ ಬದುಕಲ್ಲ. ಇದ್ಯಾಕೆ ಹಿಂಗೆ ಅಂತ ಲೆಕ್ಕ ಹಾಕಿದೆ, ಹಬ್ಬದ ದಿನ, ಹಳೇ ಕ್ಯಾಲೆಂಡರ್ ಹಿಂಬದಿಗೆ. ಮಾಮೂಲಿ 24 ಗೇಜಿನ ತಾಮ್ರದ ಎಳೆ ಕಿಲೋಮೀಟರಿಗೆ 84 ಓಮ್ ಆಸುಪಾಸು, ಹೋಗೋಕೆ ಎರಡು ಎಳೆ, ವಾಪಸ್ ಬರೋಕೆ ಎರಡು ಎಳೆ, 45 ಮೀಟರಿಗೆ ಒಟ್ಟು ಹೋಗಿಬರೋ ದಾರಿ 3.8 ಓಮ್. ಆದ್ರೆ ನಮ್ಮ ವೈರು ತಾಮ್ರ ಅಲ್ಲ. ಎಳೆಯೊಂದನ್ನ ಬ್ಲೇಡಲ್ಲಿ ಕೆರೆದ್ರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ, ಸಿಸಿಎ ಅಂತಾರಲ್ಲ ಅದು, ನಾಲ್ಕು ಸಲ ಹಿಂದೆ ಮುಂದೆ ಬಗ್ಗಿಸಿದ್ರೆ ಪಟ್ ಅಂತ ತುಂಡಾಗತ್ತೆ. ಅದರ ರೆಸಿಸ್ಟೆನ್ಸು ತಾಮ್ರದ ಒಂದೂವರೆ ಪಟ್ಟು, ಅಂದ್ರೆ ಹೆಚ್ಚುಕಮ್ಮಿ 6 ಓಮ್. 12 ವೋಲ್ಟಿಂದ 6 ಓಮ್ ದಾಟಿ ಆ ಕಡೆ ಮುಟ್ಟಿಸ್ಬಹುದಾದ ಗರಿಷ್ಠ ಪವರ್ರೇ 6 ವ್ಯಾಟ್. ನಮಗೆ ಬೇಕಾಗಿದ್ದು 6.5. ತಿಪ್ಪರಲಾಗ ಹಾಕಿದ್ರೂ ಆಗಲ್ಲ!

ಇದು ನಿಧಾನಕ್ಕೆ ಕಮ್ಮಿಯಾಗೋದೂ ಅಲ್ಲ, ಒಮ್ಮೆಲೇ ಕುಸಿಯೋದು, ಯಾಕಂದ್ರೆ ವೋಲ್ಟು ಇಳಿದ ಹಾಗೆ ಕ್ಯಾಮೆರಾ ತನ್ನ ವ್ಯಾಟ್ ಸರಿದೂಗಿಸೋಕೆ ಕರೆಂಟು ಜಾಸ್ತಿ ಎಳೀತದೆ, ಜಾಸ್ತಿ ಎಳೆದ್ರೆ ವೈರಲ್ಲಿ ಇನ್ನೂ ವೋಲ್ಟು ಬೀಳತ್ತೆ, ಬಡ್ಡಿ ಕಟ್ಟೋಕೆ ಸಾಲ ಮಾಡ್ದಂಗೆ. ಅಂಗಳದ ಕ್ಯಾಮೆರಾ ಅದೇ ವೈರಲ್ಲಿ 25 ಮೀಟರಿಗೆ ಹೆಂಗೋ ಹತ್ತು ವೋಲ್ಟ್ ಹತ್ರ ಉಸಿರು ಹಿಡ್ಕೊಂಡಿತ್ತು. ಅದೇ ಹಾಳು ವೈರಲ್ಲೇ ನಿಜವಾದ ಪಿಒಇ ಥರ 48 ವೋಲ್ಟ್ ಕಳ್ಸಿದ್ರೆ? 6.5 ವ್ಯಾಟಿಗೆ 0.14 ಆ್ಯಂಪ್ ಸಾಕು, ದಾರೀಲಿ ಬೀಳೋದು ಒಂದು ವೋಲ್ಟೂ ಇಲ್ಲ. ಈ ಲೆಕ್ಕ ನೋಡಿ ನಾನೇ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎರಡೂವರೆ ತಿಂಗಳು, 3400 ರೂಪಾಯಿ, ಅಂಗಡಿಗೆ ಮಾಡಿದ ಫೋನುಗಳು, ಎಲ್ಲದಕ್ಕೂ ಉತ್ತರ ಆ ಎಸ್ಎಂಪಿಎಸ್ ಮೇಲೆ 12 ಅಂತ ಬರ್ದಿತ್ತು.

ಬೆಂಗಳೂರಿಗೆ ವಾಪಸ್ ಬಂದು ಎಸ್‌ಪಿ ರೋಡಿಗೆ ಹೋದೆ. ಅಲ್ಲಿ ‘ಪಿಒಇ ಸ್ವಿಚ್ ಇದ್ಯಾ’ ಅಂತ ಕೇಳಿದ್ರೆ ಎಲ್ಲರ ಹತ್ರನೂ ಇದೆ, ತೋರಿಸೋದು ಮಾತ್ರ ನಾಲ್ಕು ಥರ. ಒಬ್ರು ವೈರಿಗೆ ಕರೆಂಟು ಸೇರಿಸೋ 24 ವೋಲ್ಟಿನ ಇಂಜೆಕ್ಟರ್ ತೋರಿಸಿದ್ರು, ಒಬ್ರು ನಮ್ಮ ಮನೇಲಿದ್ದಂಥ ಅದೇ ವೈ ತೋರಿಸಿ ಇದೇ ಸಾರ್ ಪಿಒಇ ಅಂದ್ರು. ನಾನು ಎರಡೇ ಪ್ರಶ್ನೆ ಇಟ್ಕೊಂಡಿದ್ದೆ: ಡಬ್ಬಿ ಮೇಲೆ ಎಎಫ್ ಅಥವಾ ಎಟಿ ಅಂತ ಇದ್ಯಾ, ಅಡಾಪ್ಟರ್ ಮೇಲೆ ಎಷ್ಟಿದೆ. ಐದನೇ ಅಂಗಡೀಲಿ ಒಬ್ರು ವಯಸ್ಸಾದೋರು ನಾನು ಕೇಳೋ ಮುಂಚೆನೇ ಅಡಾಪ್ಟರ್ ತೆಗೆದು ಕೈಗೆ ಕೊಟ್ರು, 52 ವೋಲ್ಟ್ 1.25 ಆ್ಯಂಪ್, 65 ವ್ಯಾಟ್. ನಾಲ್ಕು ಪಿಒಇ ಪೋರ್ಟು, ಎರಡು ಮಾಮೂಲಿ ಪೋರ್ಟು, ಕಬ್ಬಿಣದ ಮೈ, ಫ್ಯಾನ್ ಇಲ್ಲ. 2600 ಅಂದ್ರು, 2450ಕ್ಕೆ ಕೊಟ್ರು. ಜೊತೆಗೆ 60 ಮೀಟರ್ ಪೂರ್ತಿ ತಾಮ್ರದ ಹೊರಾಂಗಣ ಕ್ಯಾಟ್6 ನೆಟ್‌ವರ್ಕ್ ವೈರು ತಗೊಂಡೆ, ಕೈಗೆತ್ತಿಕೊಂಡ್ರೇ ಗೊತ್ತಾಗತ್ತೆ ಭಾರ, ಅಲ್ಯೂಮಿನಿಯಂ ಸುರುಳಿ ಎತ್ತಿದ್ರೆ ಖಾಲಿ ಡಬ್ಬಿ ಎತ್ತಿದಂಗಿರತ್ತೆ. ಲೆಕ್ಕದ ಪ್ರಕಾರ ಹಳೇ ವೈರೇ ಸಾಕಾಗ್ತಿತ್ತು, ಆದ್ರೆ ಅದು ತುಂಡಾಗೋ ರೀತಿ ನೋಡಿದ್ಮೇಲೆ ಮಂಗಗಳು ಜೋಲೋ ಜಾಗಕ್ಕೆ ಅದನ್ನ ಬಿಡೋಕೆ ಮನಸ್ಸು ಬರ್ಲಿಲ್ಲ.

ನಿಜವಾದ ಎಎಫ್ ಸ್ವಿಚ್ಚಿನ ಒಳ್ಳೇ ಗುಣ ಏನಂದ್ರೆ ಅದು ಕಣ್ಮುಚ್ಚಿ ಕರೆಂಟು ಬಿಡಲ್ಲ. ಮೊದ್ಲು ಹತ್ತು ವೋಲ್ಟಿಗಿಂತ ಕಮ್ಮಿ, ಚೂರೇ ಚೂರು ಕಳ್ಸಿ ಆ ಕಡೆ ಯಾರಿದಾರೆ ಅಂತ ವಿಚಾರಿಸತ್ತೆ, 25 ಸಾವಿರ ಓಮ್ ಹತ್ರದ ಗುರುತು ಸಿಕ್ರೆ ಮಾತ್ರ ಪೂರ್ತಿ ವೋಲ್ಟು ಬಿಡತ್ತೆ. ಪೂರ್ತಿ ಗುರುತು ಚೀಟಿ ನೋಡಿ ಒಳಗೆ ಬಿಡೋ ವಾಚ್‌ಮ್ಯಾನ್ ಥರ. ಲ್ಯಾಪ್‌ಟಾಪ್ ಚುಚ್ಚಿದ್ರೂ ಸುಡಲ್ಲ. ಪ್ಯಾಸಿವ್ ಹಂಗಲ್ಲ, ಯಾರಿದ್ರೂ ಇಲ್ಲದಿದ್ರೂ ತುಂಬ್ತಾನೇ ಇರತ್ತೆ. ಇಲ್ಲೊಂದು ಎಚ್ಚರಿಕೆ, ಇದನ್ನ ದಯವಿಟ್ಟು ನೆನಪಿಡಿ: ಮಾರ್ಕೆಟ್ಟಲ್ಲಿ 48 ವೋಲ್ಟಿನ ಪ್ಯಾಸಿವ್ ಸ್ವಿಚ್ಚುಗಳೂ ಇದಾವೆ, ಪಿಒಇ ಅಂತಲೇ ಮಾರ್ತಾರೆ, ಕ್ಯಾಮೆರಾ ತುದೀಲಿ ಹಳೇ ವೈ ತೆಗೀದೆ ಅದನ್ನ ಹಾಕಿಬಿಟ್ರೆ 12 ವೋಲ್ಟಿನ ಗುಂಡು ಪಿನ್ನಿಗೆ ಸೀದಾ 48 ವೋಲ್ಟ್ ಹೋಗತ್ತೆ, ಕ್ಯಾಮೆರಾ ಹೊಗೆ.

ಆ ವೈ ತೆಗೆಯೋಕೆ ನಾನೂ ಒಂದು ಕಡೆ ಮರೆತೆ. ನವೆಂಬರಲ್ಲಿ ಮತ್ತೆ ಊರಿಗೆ ಹೋಗಿ ಸ್ವಿಚ್ಚು ಕೂರಿಸಿದೆ, ಜಗುಲಿ ಕ್ಯಾಮೆರಾ ಬಂತು, ಅಂಗಳದ್ದು ಬರ್ಲಿಲ್ಲ, ಪಿಒಇ ದೀಪನೇ ಹತ್ಲಿಲ್ಲ. ಹತ್ತು ನಿಮಿಷ ಸ್ವಿಚ್ಚಿನ ಪೋರ್ಟೇ ಹೋಗಿದೆ ಅಂತ ಎಸ್‌ಪಿ ರೋಡಿನ ಅಜ್ಜನ್ನ ಮನಸ್ಸಲ್ಲೇ ಬೈದೆ, ಪೋರ್ಟ್ ಬದಲಾಯಿಸಿದ್ರೂ ಇಲ್ಲ, ಆಮೇಲೆ ಏಣಿ ಹತ್ತಿ ನೋಡಿದ್ರೆ ಮಾಡಿನ ಹಂಚಿನ ಕೆಳಗೆ ವೈ ನೇತಾಡ್ತಾ ಇದೆ. ಈ ಸ್ವಿಚ್ಚು 4, 5, 7, 8 ಪಿನ್ನಲ್ಲಿ ಪವರ್ ಕಳ್ಸೋದು, ಆ ವೈ ಅದೇ ನಾಲ್ಕು ಎಳೆಗಳನ್ನ ಕ್ಯಾಮೆರಾ ಸಾಕೆಟ್ಟಿಗೆ ಹೋಗೋಕೆ ಬಿಡದೆ ಪಕ್ಕಕ್ಕೆ ಎಳ್ಕೊಳತ್ತೆ, ಸ್ವಿಚ್ಚಿಗೆ ಕ್ಯಾಮೆರಾದ ಗುರುತು ಸಿಗಲ್ಲ, ಸುಮ್ನಿದ್ದುಬಿಡತ್ತೆ. ವೈ ಕಿತ್ತು ಸೀದಾ ಚುಚ್ಚಿದೆ, ದೀಪ ಹತ್ತಿತು. ಕೆಲವು ಸ್ವಿಚ್ಚು ಡೇಟಾ ಹೋಗೋ 1, 2, 3, 6ರಲ್ಲೇ ಪವರ್ ಕಳ್ಸತ್ತೆ, ಸ್ಟ್ಯಾಂಡರ್ಡ್ ಪ್ರಕಾರ ಕ್ಯಾಮೆರಾ ಎರಡನ್ನೂ ತಗೋಬೇಕು. ಆದ್ರೆ ಕೆಲವರು ವೈರ್ ಕಟ್ಟುವಾಗ ನಾಲ್ಕೇ ಎಳೆ ಹಾಕಿ ಬಾಕಿ ನಾಲ್ಕು ಕತ್ತರಿಸಿ ಬಿಡ್ತಾರೆ, ಡೇಟಾಗೆ ಅಷ್ಟೇ ಸಾಕು ಅಂತ, ಅಂಥ ಮನೇಲಿ ನಂದರಂಥ 4, 5, 7, 8ರ ಸ್ವಿಚ್ಚು ತಂದಿಟ್ರೆ ಜನ್ಮದಲ್ಲಿ ದೀಪ ಹತ್ತಲ್ಲ. ಎಂಟೂ ಎಳೆ ಇದ್ಯಾ ನೋಡ್ಕೊಳ್ಳಿ.

ದಣಪೆಗೆ ಹೊಸ ವೈರು ಎಳೆಯೋ ಮೊದ್ಲು ಕುತೂಹಲಕ್ಕೆ ಹಳೇ ವೈರಲ್ಲೇ ಹೊಸ ಸ್ವಿಚ್ಚು ಹಾಕಿ ನೋಡ್ದೆ. ಕ್ಯಾಮೆರಾ ಬಂತು, ಅಂಗೈ ಮುಚ್ಚಿದೆ, ಟಕ್ ಅಂತು, ಸಾಯ್ಲಿಲ್ಲ! ಕ್ಯಾಲೆಂಡರ್ ಹಿಂದಿನ ಲೆಕ್ಕ ಸರಿ. ಆದ್ರೆ ಚಿತ್ರ ಮಾತ್ರ ಆಗಾಗ ಚೌಕ ಚೌಕ ಒಡೆದು ಹೋಗ್ತಿತ್ತು, ಮೊದ್ಲೂ ಹಂಗೇ ಆಗ್ತಿತ್ತು, ಪವರ್ ಗಲಾಟೇಲಿ ಅದೂ ಅದರದ್ದೇ ಅನ್ಕೊಂಡಿದ್ವಿ. ಹುಡುಗನ ಹತ್ರ ಇರೋ ಥರದ್ದೇ ಒಂದು ಎಂಟು ದೀಪದ ಟೆಸ್ಟರ್ ತಂದಿದ್ದೆ, ಹಾಕಿದ್ರೆ ಒಂದರಿಂದ ಎಂಟು ಎಲ್ಲಾ ಸಾಲಾಗಿ ಹಸಿರು. ಕನೆಕ್ಟರ್ ಕಣ್ಣಿಗೆ ಹತ್ರ ಹಿಡ್ಕೊಂಡು ಬಣ್ಣ ನೋಡ್ದೆ: ಬಿಳಿಕಿತ್ತಳೆ ಕಿತ್ತಳೆ, ಬಿಳಿಹಸಿರು ಹಸಿರು, ಬಿಳಿನೀಲಿ ನೀಲಿ, ಬಿಳಿಕಂದು ಕಂದು. ನೋಡೋಕೆ ಎಷ್ಟು ಚೆಂದ, ಜೋಡಿ ಜೋಡಿ ಗಂಡ ಹೆಂಡ್ತಿ ನಿಂತಂಗೆ, ಆದ್ರೆ ಪೂರ್ತಿ ತಪ್ಪು. ಡೇಟಾದ ಎರಡನೇ ಜೋಡಿ ಹೋಗೋದು 3 ಮತ್ತು 6ರಲ್ಲಿ, ಅವೆರಡೂ ಒಂದಕ್ಕೊಂದು ಹೊಸೆದುಕೊಂಡಿರೋ ಎಳೆಗಳೇ ಆಗಿರ್ಬೇಕು, ಇಲ್ಲಿ 3ರಲ್ಲಿ ಬಿಳಿಹಸಿರು, 6ರಲ್ಲಿ ನೀಲಿ. ಹೊಸೆದಿದ್ದಕ್ಕೆ ಅರ್ಥನೇ ಇಲ್ಲ, ಒಂದರ ಗಲಾಟೆ ಇನ್ನೊಂದಕ್ಕೆ. ಸಣ್ಣ ವೈರಲ್ಲಿ ನಡೆದುಬಿಡತ್ತೆ, ಉದ್ದ ಆದ್ರೆ ಒಡೆಯತ್ತೆ. ‘ಎರಡೂ ಕಡೆ ಒಂದೇ ಥರ ಹಾಕಿದ್ರೆ ಸಾಕು’ ಅನ್ನೋ ಮಾತು ಊರು ತುಂಬಾ ಇದೆ, ಟೆಸ್ಟರೂ ಅದಕ್ಕೆ ತಾಳ ಹಾಕತ್ತೆ, ಯಾಕಂದ್ರೆ ಅದು ಈ ತುದಿಯ 3 ಆ ತುದಿಯ 3ಕ್ಕೆ ಮುಟ್ತಾ ಅಂತ ಮಾತ್ರ ನೋಡತ್ತೆ, ಯಾರ ಜೊತೆ ಹೊಸೆದಿದೆ ಅಂತ ಅದಕ್ಕೆ ಗೊತ್ತಿಲ್ಲ. ಸರಿಯಾದ ಸಾಲು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹೊಸ ತಾಮ್ರದ ವೈರಿಗೆ ಹಿಂಗೆ ಕಟ್ಟಿದ್ಮೇಲೆ ಒಡೆಯೋದು ನಿಂತೇಹೋಯ್ತು.

ಆ ಹಳೇ ಕನೆಕ್ಟರ್ ಬಗ್ಗೆ ಇನ್ನೊಂದು ಮಾತು. ಕಂಬದ ಮೇಲೆ ಅದನ್ನ ಬರಿ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟಿದ್ರು. ನಮ್ಮ ಕಡೆ ಮಳೆಗೆ ಟೇಪು ಯಾವ ಲೆಕ್ಕ, ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆನೇ ಒಣಗಲ್ಲ. ಪಿನ್ನುಗಳ ಮೇಲೆ ಹಸಿರು ಕಿಲುಬು, ಬಿಳಿ ಪುಡಿ, ಅದ್ರಲ್ಲೂ ಪ್ಲಸ್ ಇರೋ ಎರಡು ಪಿನ್ನು ಹೆಚ್ಚು ತಿಂದುಹೋಗಿತ್ತು, ನೀರು ಮತ್ತು ಡಿಸಿ ಕರೆಂಟು ಸೇರಿದ್ರೆ ಹಂಗಾಗತ್ತೆ. ಕ್ಯಾಮೆರಾ ಡಬ್ಬೀಲೇ ನೀರು ಹೋಗದಂಥ ರಬ್ಬರ್ ಮುಚ್ಚಳದ ಸೆಟ್ ಕೊಟ್ಟಿರ್ತಾರೆ, ಮೂರೂ ಡಬ್ಬೀಲಿ ಕವರ್ ಒಡೀದೆ ಹಂಗೇ ಇತ್ತು. ಅದನ್ನ ಹಾಕೋಕೆ ಕನೆಕ್ಟರ್ ಕಟ್ಟೋ ಮೊದ್ಲೇ ವೈರಿಗೆ ಪೋಣಿಸ್ಬೇಕು, ಅಷ್ಟು ತಾಳ್ಮೆ ಯಾರಿಗಿದೆ.

ಹೊಸ ಸ್ವಿಚ್ಚಿನ ಬಗ್ಗೆ ಹೇಳ್ಬೇಕಂದ್ರೆ, ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಿತ್ಕೊಂಡಿದ್ದು ಎರಡು ಕಾರಣಕ್ಕೆ. ಒಂದು, ಯಾವ ಪೋರ್ಟು ಎಷ್ಟು ವ್ಯಾಟ್ ತಿಂತಿದೆ ಅಂತ ತೋರಿಸಲ್ಲ, ಕ್ಯಾಮೆರಾ ಹ್ಯಾಂಗ್ ಆದ್ರೆ ತಾನೇ ಪವರ್ ಕಿತ್ತು ಹಾಕೋ ಸೌಲಭ್ಯವೂ ಇಲ್ಲ, ಸ್ವಲ್ಪ ದುಬಾರಿ ಮಾಡೆಲ್ಲಲ್ಲಿ ಇರತ್ತೆ. ಎರಡನೇದು ಅದರ ಮುಂದಿರೋ ಪುಟ್ಟ ‘ಎಕ್ಸ್‌ಟೆಂಡ್’ ಗುಂಡಿ, ಅದನ್ನ ಒತ್ತಿದ್ರೆ 250 ಮೀಟರ್ ತನಕ ಹೋಗತ್ತೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರ್ದಿದಾರೆ, ಸ್ಪೀಡು 10 ಎಂಬಿಪಿಎಸ್ಸಿಗೆ ಇಳಿಯತ್ತೆ ಅಂತ ಸಣ್ಣದಾಗಿ. ಅಪ್ಪ ಧೂಳು ಒರೆಸುವಾಗ ಒಂದ್ಸಲ ಅದು ಒತ್ಕೊಂಡು ಕೂತು, ಸಂಜೆ ತನಕ ವೀಡಿಯೋ ಎಳೆದಾಡ್ತು. ಬಿಸಿ ಆಗತ್ತೆ, ಆದ್ರೆ ಕೈ ಇಡೋವಷ್ಟು.

ಕರೆಂಟು ಹೋದಾಗ ಏನು ಅಂತ ಕೇಳ್ತೀರಿ. ಇಂಟರ್ನೆಟ್ ರೌಟರಿಗೆ ಹಾಕೋ ಪುಟ್ಟ ಯುಪಿಎಸ್ ಇದೆಯಲ್ಲ, ಅದು ಇದಕ್ಕೆ ಬರಲ್ಲ, ಅದರದ್ದು 9 ಅಥವಾ 12 ವೋಲ್ಟು, ಇದಕ್ಕೆ 52 ಬೇಕು. ನಾನು ಸ್ವಿಚ್ಚು, ಎನ್‌ವಿಆರ್, ರೌಟರ್ ಮೂರನ್ನೂ ಮನೆ ಇನ್ವರ್ಟರ್ ಲೈನಿಗೆ ಹಾಕ್ಸಿದೆ, ರಾತ್ರಿ ಮೂರು ಕ್ಯಾಮೆರಾಗೆ ಸೇರಿ 20 ವ್ಯಾಟ್, ಎರಡು ಎಲ್‌ಇಡಿ ಬಲ್ಬಿನ ಖರ್ಚು. ಒಂದೇ ಜಾಗಕ್ಕೆ ಕರೆಂಟು ಕೊಟ್ರೆ ಎಲ್ಲಾ ಕ್ಯಾಮೆರಾ ಬದುಕೋದೇ ಈ ಪಿಒಇಯ ನಿಜವಾದ ಸುಖ. ಇನ್ನು ಗುಡುಗು ಸಿಡಿಲಿಗೆ, 45 ಮೀಟರ್ ತಂತಿ ತೋಟದ ಅಂಚಲ್ಲಿ ಓಡಿದ್ರೆ ಸಿಡಿಲಿಗೆ ಹಾಸಿಕೊಟ್ಟ ಹಾಸಿಗೆನೇ, ಎರಡು ತುದಿಗೂ ಸರ್ಜ್ ಪ್ರೊಟೆಕ್ಟರ್ ಹಾಕಿದೀನಿ, ಅರ್ಥಿಂಗೂ ಕೊಟ್ಟಿದೀನಿ. ಅಪ್ಪಂಗೆ ಅದ್ರ ಮೇಲೆ ನಂಬಿಕೆ ಇಲ್ಲ, ಮೋಡ ಕಪ್ಪಾದ್ ಕೂಡ್ಲೆ ಹೋಗಿ ದಣಪೆ ವೈರು ಕೀಳ್ತಾರೆ. ನಾನು ಬೇಡ ಅನ್ನಲ್ಲ.

ಅಂಗಡಿ ಸರ್ವಿಸ್ಸಿಗೆ ಒಂದೂವರೆ ಸ್ಟಾರ್. ಅರ್ಧ ಸ್ಟಾರು ಹುಡುಗ ಫೋನ್ ಎತ್ತಿದ್ದಕ್ಕೆ. ಓನರ್ ಹತ್ರ ಹೋಗಿ ಬಿಲ್ಲು, ಎಸ್ಎಂಪಿಎಸ್ ಡಬ್ಬಿ ಎರಡೂ ಮೇಜಿನ ಮೇಲಿಟ್ಟು ಪಿಒಇ ಸ್ವಿಚ್ಚಿನ ದುಡ್ಡು ವಾಪಸ್ ಕೇಳ್ದೆ, ಅವ್ರು 1000 ರೂಪಾಯಿ ಕೊಟ್ರು, ಬಾಕೀದು ಮುಂದಿನ ಸಲ ಅಡ್ಜಸ್ಟ್ ಮಾಡೋಣ ಅಂದ್ರು, ಆ ಮುಂದಿನ ಸಲ ಇನ್ನೂ ಬಂದಿಲ್ಲ. ಹುಡುಗ ಮಾತ್ರ ಒಂದಿನ ತಾನೇ ಮನೆಗೆ ಬಂದು ಹೊಸ ಸ್ವಿಚ್ಚು ನೋಡಿ, ಫೋಟೋ ತಗೊಂಡು, ಬಣ್ಣದ ಸಾಲು ಚೀಟೀಲಿ ಬರ್ಕೊಂಡು ಹೋದ್ನಂತೆ, ಅಮ್ಮ ಹೇಳಿದ್ರು.

ಅಟ್ಟದ ಮೇಲಿದ್ದ ‘ಹೋಗಿರೋ’ ಕ್ಯಾಮೆರಾ ಇಳಿಸಿ ಸ್ವಿಚ್ಚಿನ ನಾಲ್ಕನೇ ಪೋರ್ಟಿಗೆ ಹಾಕಿದೆ, ಮೂರು ಸೆಕೆಂಡಿಗೆ ದೀಪ ಹತ್ತಿತು, ಅದಕ್ಕೆ ಯಾವ ರೋಗನೂ ಇರ್ಲಿಲ್ಲ. ಈಗ ಕೊಟ್ಟಿಗೇಲಿದೆ. ಗಬ್ಬದ ದನ ಇದೆ, ಇನ್ನು ಹದಿನೈದು ಇಪ್ಪತ್ತು ದಿನಕ್ಕೆ ಕರು ಹಾಕ್ಬೇಕು, ಅಮ್ಮ ರಾತ್ರಿ ಎರಡಕ್ಕೊಂದ್ಸಲ ಎದ್ದು ಟಾರ್ಚ್ ಹಿಡ್ಕೊಂಡು ಹೋಗೋ ಬದ್ಲು ಹಾಸಿಗೇಲೇ ಫೋನ್ ನೋಡ್ತಾರೆ. ಐಆರ್ ಬೆಳಕಲ್ಲಿ ದನದ ಕಣ್ಣು ಎರಡೂ ಬೆಳ್ಳಗೆ ಹೊಳೀತದೆ, ಅದು ಸೀದಾ ಕ್ಯಾಮೆರಾನೇ ನೋಡ್ತಾ ಮೆಲುಕು ಹಾಕ್ತಿರತ್ತೆ.